ಅತ್ತೆಯ ಕೊರಳಿನ ಅಕ್ಷರ

ಆ ಲಾಂಡ್ರಿಯ ಹೆಂಗಸರಿಗೆ ಮನೆಯಲ್ಲಿ ಒಬ್ಬಳು ಅತ್ತೆ, ಕೆಲಸದಲ್ಲಿ ಇನ್ನೊಬ್ಬಳು. ಮನೆಯ ಅತ್ತೆಯ ವಿಷಯ ಇಲ್ಲಿ ಬೇಡ, ಅದು ಅವರವರ ಹಣೆಬರಹ. ಕೆಲಸದ ಅತ್ತೆ ಎಂದರೆ ಇಸ್ತ್ರಿ ಯಂತ್ರ. ಜಪಾನಿನಲ್ಲಿ ಯಾವುದೋ ಲಾಂಡ್ರಿ ಬಾಗಿಲು ಹಾಕಿದಾಗ ಯಜಮಾನ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಹಡಗಿನಲ್ಲಿ ತರಿಸಿ, ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆಸಿ ಒಳಗೆ ಇಳಿಸಿದ್ದ. ಆಸ್ಪತ್ರೆಗಳ, ವಸತಿಗೃಹಗಳ ಹಾಸುಬಟ್ಟೆಗಳನ್ನು ಒಂದು ಕಡೆಯಿಂದ ಒದ್ದೆಯಾಗಿ ಉಣಿಸಿದರೆ ಇನ್ನೊಂದು ಕಡೆಯಿಂದ ಹಪ್ಪಳದಂತೆ ಗರಿಗರಿಯಾಗಿ ಬರುತ್ತಿದ್ದವು. ಎಷ್ಟು ಉಣಿಸಿದರೂ ಸಾಕೆನ್ನದು, ಹತ್ತಿರ ಹೋದರೆ ಉರಿದುಬೀಳುವುದು, ಒಂದು ಸುಕ್ಕು ಬಿದ್ದರೂ ತಪ್ಪು ಉಣಿಸಿದವಳದೇ. ಅದನ್ನು ಅತ್ತೆ ಎನ್ನದೆ ಇನ್ನೇನನ್ನಬೇಕು?

ವಯಸ್ಸಾದ ಅತ್ತೆಯರಂತೆ ಇದಕ್ಕೂ ಮಧ್ಯಾಹ್ನ ಒಂದು ಜೊಂಪು ಬೇಕಿತ್ತು. ಉರುಳೆಗಳಿಗೆ ಸುತ್ತಿದ ದಪ್ಪ ಹೊದಿಕೆ ಕಾದು ಕಾದು ಕರಕಲಾಗಬಾರದೆಂದು ಊಟದ ಹೊತ್ತು ಕಳೆದ ಮೇಲೆ ಅರ್ಧ ಗಂಟೆ ಯಂತ್ರವನ್ನು ನಿಲ್ಲಿಸಿ, ಉರುಳೆಗಳನ್ನು ಎತ್ತಿ, ಆರಲು ಬಿಡುತ್ತಿದ್ದರು. ಆಗ ಅದರ ಕೊರಳಿನ ಕೊಕ್ಕೆಗೆ ಒಂದು ಕೆಂಪು ತಗಡನ್ನು ತೂಗುಹಾಕಬೇಕು. ತಗಡೂ ಯಂತ್ರದ ಜೊತೆಯಲ್ಲೇ ಬಂದದ್ದು. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಜಪಾನಿ ಅಕ್ಷರ. ಹಿಂದೊಮ್ಮೆ ಸೂಪರ್‌ವೈಸರ್ ಅವಸರ ಬಿದ್ದು, ತಗಡು ತೂಗುತ್ತಿರುವಾಗಲೇ ಯಂತ್ರ ಓಡಿಸಿ, ಹೊದಿಕೆ ಸುಟ್ಟು, ಹಾಲ್ ತುಂಬ ಹೊಗೆಯೆಬ್ಬಿಸಿದ್ದ. ಯಜಮಾನ ಎಲ್ಲರೆದುರು ಅವನ ನೀರಿಳಿಸಿದ ಮೇಲೆ ಆ ತಗಡೆಂದರೆ ವೇದವಾಕ್ಯವಾಯಿತು.

ಅತ್ತೆ ಮಲಗಿದರೆ ಸೊಸೆಯರಾದರೂ ಕೂರಬಹುದು ಎಂದು ನೀವು ಅಂದುಕೊಂಡರೆ ನಿಮಗೆ ಆ ಸೂಪರ್‌ವೈಸರ್ ಗೊತ್ತಿಲ್ಲ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಹೆಂಗಸರು ಗಡಿಯಾರ ಎಂದೇ ಹೆಸರಿಟ್ಟಿದ್ದರು. ಯಂತ್ರ ನಿಂತ ಅರ್ಧ ಗಂಟೆ ದಿಂಬಿನ ಚೀಲಗಳನ್ನು ಜೋಡಿಸುವುದು, ಗಂಟುಗಳನ್ನು ಹೊತ್ತು ಆ ಗೋಡೆಯಿಂದ ಈ ಗೋಡೆಗೆ ಇಡುವುದು, ಎಲ್ಲ ನಿಂತೇ. ಆ ಹಾಲಿನಲ್ಲಿ ಕೂರಲು ಏನೂ ಇರಲಿಲ್ಲ. ಹಿಂದೆ ಒಂದು ಸ್ಟೂಲ್ ಇತ್ತು. ಕೂತರೆ ಕೈಗೆ ನಿದ್ದೆ ಬರುತ್ತದೆ ಎಂದು ಗಡಿಯಾರ ಅದನ್ನು ತನ್ನ ಕೋಣೆಗೆ ಸಾಗಿಸಿ, ತಾನೇ ಅದರ ಮೇಲೆ ಕೂತ.

ಯಂತ್ರಕ್ಕೆ ಬಟ್ಟೆ ಉಣಿಸುವವರು ಇಬ್ಬರು. ಹಾಸುಬಟ್ಟೆಯ ಬಲಮೂಲೆ ಹಿಡಿಯುವವಳು ಜೋರಕ್ಕ, ಎಡಮೂಲೆ ಹಿಡಿಯುವವಳು ಸಣ್ಣಿ. ಜೋರಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಯಂತ್ರದ ಗದ್ದಲದಲ್ಲಿ ಕೂಗಿ ಕೂಗಿ ಅವಳ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಅವಳು ಗುಟ್ಟು ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ದನಿ ಜೋರೇ ಹೊರತು ಅವಳು ಇದುವರೆಗೆ ಯಾರ ಮೇಲೂ ತಿರುಗಿಬಿದ್ದವಳಲ್ಲ. ತಲೆ ತಗ್ಗಿಸಿ ದುಡಿದಿದ್ದಳು. ಆದರೆ ಈ ವರ್ಷ ಕಾಲು ಅವಳ ಮಾತು ಕೇಳುವುದನ್ನು ಬಿಟ್ಟಿತು. ಮೊಣಕಾಲಿನ ಕೆಳಗೆ ನರಗಳು ಹಗ್ಗದಂತೆ ಗಂಟುಗಟ್ಟಿ, ಪಾದದ ಮೇಲೆ ಚರ್ಮ ಕಪ್ಪಾಗಿ, ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸದಷ್ಟು ಊತ.

ಆಸ್ಪತ್ರೆಯ ನರ್ಸಮ್ಮ ಕಾಲನ್ನು ಒತ್ತಿ ನೋಡಿ ಮುಖ ಸಣ್ಣಗೆ ಮಾಡಿದಳು.

"ಮಧ್ಯಾಹ್ನ ಒಂದರ್ಧ ಗಂಟೆ ಕೂತು ಕಾಲು ಮೇಲಿಡಿ. ದಿನಾ. ಇಲ್ಲಾಂದ್ರೆ ಇಲ್ಲಿ ಹುಣ್ಣಾಗುತ್ತೆ, ಅದು ಬೇಗ ಮಾಯಲ್ಲ. ಆಮೇಲೆ ನಿಂತ್ಕೊಳ್ಳೋ ಕೆಲಸದ ಮಾತೇ ಇಲ್ಲ."

ಅಂದರೆ ಲೆಕ್ಕ ಇಷ್ಟೇ. ಕೂತರೆ ಕೆಲಸ ಹೋಗುತ್ತದೆ, ಕೂರದಿದ್ದರೆ ಕಾಲು ಹೋಗುತ್ತದೆ, ಕಾಲು ಹೋದರೆ ಕೆಲಸವೂ ಹೋಗುತ್ತದೆ. ಜೋರಕ್ಕ ಕೈಕಟ್ಟಿಕೊಂಡು ಯಜಮಾನನ ಹತ್ತಿರ ಹೋದಳು. ಯಂತ್ರ ನಿಂತಾಗ ಮಾತ್ರ, ಅರ್ಧ ಗಂಟೆ ಮಾತ್ರ, ಒಂದು ಸ್ಟೂಲ್. ಯಜಮಾನ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಏನನ್ನೂ ಕೇಳದವರಿಗೆ ಯಾರು ತಾನೆ ಕೆಟ್ಟವರು? ಅವನು ಗಿರಕಿ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕ.

"ನೋಡಮ್ಮಾ, ನಿನಗೆ ಕೊಟ್ರೆ ನಾಳೆ ಎಲ್ಲರಿಗೂ ಕಾಲು ನೋಯುತ್ತೆ. ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಕೂರ್ಲೇಬೇಕು ಅಂದ್ರೆ ಮನೇಲಿ ಕೂತ್ಕೊ, ನಾನು ಬೇಡ ಅನ್ನಲ್ಲ."

ಅವನು ಅದನ್ನು ಹೇಳಿದ್ದು ಕೂತುಕೊಂಡು. ಅವಳು ಕೇಳಿದ್ದು ನಿಂತುಕೊಂಡು. ಹೊರಗೆ ಬಂದ ಮೇಲೂ ಜೋರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಆ ಉರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹೋಗಿ ಮತ್ತೆ ಬಲಮೂಲೆ ಹಿಡಿದಳು.

ಆ ವಾರವೇ ಮಾವ ಬಂದ. ಮಾವ ಎಂದರೆ ಯಂತ್ರದ ಮೆಕ್ಯಾನಿಕ್. ಅತ್ತೆಯ ಬಾಯಿಗೆ ಕೈ ಹಾಕಿಯೂ ಬದುಕಿ ಬರುವ ಒಬ್ಬನೇ ಗಂಡಸು ಅವನು, ಹಾಗಾಗಿ ಹೆಂಗಸರ ಲೆಕ್ಕದಲ್ಲಿ ಮಾವ. ಹರೆಯದಲ್ಲಿ ಕೆಲಕಾಲ ಜಪಾನಿನ ಕಾರ್ಖಾನೆಯೊಂದರಲ್ಲಿ ದುಡಿದು ಬಂದಿದ್ದ, ಅಲ್ಲಿನ ಭಾಷೆಯನ್ನು ಓದಿ ಬರೆಯುವಷ್ಟು ಕಲಿತಿದ್ದ. ಯಂತ್ರ ನಿಂತು ತಗಡು ತೂಗುತ್ತಿತ್ತು. ಮಾವ ನೆಲದ ಮೇಲೆ ಕೂತು ಒಂದು ಬೇರಿಂಗಿಗೆ ಎಣ್ಣೆ ಕುಡಿಸುತ್ತಿದ್ದ. ಗಡಿಯಾರ ಅವನನ್ನು ಏಳು ಎನ್ನಲಿಲ್ಲವೆಂಬುದನ್ನು ಜೋರಕ್ಕ ಗಮನಿಸಿದಳು. ದಿಂಬಿನ ಚೀಲ ಜೋಡಿಸುತ್ತಲೇ ಕೇಳಿದಳು.

"ಮಾವಾ, ಆ ತಗಡಿನ ಮೇಲೆ ಬರೆದಿರೋದು ಏನು?"

"ಇಷ್ಟು ವರ್ಷ ಅದರ ಮುಂದೆ ನಿಂತಿದೀಯ, ಗೊತ್ತಿಲ್ವಾ?"

"ಗಡಿಯಾರ ಅಪಾಯ ಅಂತಾನೆ. ಈ ಸಣ್ಣಿ ಅದು ಅತ್ತೆ ಹೆಸರು ಅಂತಾಳೆ. ನಾನು ಬರೆದು ಬೇಕಾದ್ರೂ ತೋರಿಸ್ತೀನಿ, ಅರ್ಥ ಮಾತ್ರ ಗೊತ್ತಿಲ್ಲ."

ಕಲೆಗಳಿಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಅವಳು ಸಿಮೆಂಟ್ ನೆಲದ ಮೇಲೆ ಅಕ್ಷರ ಬರೆದಳು. ಮಾವ ನೋಡಿ, ತಲೆ ಓರೆ ಮಾಡಿ ಮತ್ತೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ಯೋ ಸೊಸೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇದನ್ನ ಕನ್ನಡಿ ಇಟ್ಕೊಂಡು ಓದ್ಬೇಕು."

ಅವಳು ತಪ್ಪಾಗಿ ಕಲಿತಿರಲಿಲ್ಲ, ಕಂಡದ್ದನ್ನೇ ಕಲಿತಿದ್ದಳು. ಉಣಿಸುವವರು ನಿಲ್ಲುವ, ದಿಂಬಿನ ಚೀಲ ಜೋಡಿಸುವ ಜಾಗದಿಂದ ತಗಡಿನ ಮುಖ ಕಾಣದು. ಕಾಣುವುದು ಯಂತ್ರದ ನುಣ್ಣನೆಯ ಉಕ್ಕಿನ ಮುಚ್ಚಳದಲ್ಲಿ ಅದರ ಬಿಂಬ. ಅಲ್ಲಿ ನಿಂತವರಿಗೆ ಮಾತ್ರ ಆಗುವ ತಪ್ಪು ಅದು. ಮಾವ ಅವಳ ಜಾಗದಲ್ಲಿ ಹೋಗಿ ನಿಂತು ಮುಚ್ಚಳ ನೋಡಿದ ಮೇಲೆ ನಗು ನಿಲ್ಲಿಸಿದ. ಸೀಮೆಸುಣ್ಣ ತೆಗೆದುಕೊಂಡು ಪಕ್ಕದಲ್ಲಿ ದೊಡ್ಡದಾಗಿ ಬರೆದ: 休.

"ಆರು ಗೆರೆ. ಎಡಗಡೆ ಎರಡು. ಓರೆಯಾಗಿ ಒಂದು, ಅದರ ಹೊಟ್ಟೆಯಿಂದ ನೆಟ್ಟಗೆ ಕೆಳಕ್ಕೆ ಇನ್ನೊಂದು. ಇವನು ಮನುಷ್ಯ. ಬಲಗಡೆ ನಾಲ್ಕು. ಅಡ್ಡಡ್ಡ ಒಂದು ಕೊಂಬೆ, ಉದ್ದಕ್ಕೆ ಒಂದು ಕಾಂಡ, ಆಕಡೆ ಈಕಡೆ ಇಳಿಬಿದ್ದ ಎರಡು ಗೆರೆ. ಇದು ಮರ. ಮನುಷ್ಯ ಮರಕ್ಕೆ ಒರಗಿದಾನೆ. ಅಂದ್ರೆ?"

ಉತ್ತರ ಜೋರಕ್ಕನ ಕಾಲಿಗೆ ಮೊದಲು ಹೊಳೆದಿತ್ತು.

"ದಣಿವಾರಿಸಿಕೊಳ್ಳೋದು," ಎಂದ ಮಾವ. "ವಿಶ್ರಾಂತಿ."

"ಇದರಲ್ಲಿ ಯಂತ್ರ ಎಲ್ಲಿದೆ?"

"ಯಂತ್ರಾನಾ? ಎಲ್ಲೂ ಇಲ್ಲ. ಯಂತ್ರಕ್ಕೂ ಇದನ್ನ ಬಳಸ್ತಾರೆ, ಅಂಗಡಿಗೂ ಬಳಸ್ತಾರೆ, ಶಾಲೆಗೂ ಬಳಸ್ತಾರೆ. ಆದ್ರೆ ಈ ಅಕ್ಷರ ಹುಟ್ಟಿದ ಕಾಲಕ್ಕೆ ಯಂತ್ರ ಯಾರಪ್ಪನ ಮನೇಲಿತ್ತು?"

"ಅಂದ್ರೆ ಮೊದಲು ಮನುಷ್ಯಂಗೆ, ಆಮೇಲೆ ಯಂತ್ರಕ್ಕೆ."

"ಅಕ್ಷರದ ಪ್ರಕಾರ ಹಾಗೇನೇ."

ಜೋರಕ್ಕ ಎದ್ದು ತಗಡಿನ ಎದುರು ಹೋಗಿ ನಿಂತಳು. ಇಷ್ಟು ವರ್ಷ ಮನುಷ್ಯನ ಹೆಸರಿನ ನೆರಳನ್ನು ಕಬ್ಬಿಣದ ಕೊರಳಿಗೆ ಕಟ್ಟಿ, ಮನುಷ್ಯರನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಯಾರೂ ಬೇಕೆಂದೇ ಮಾಡಿದ್ದಲ್ಲ, ಓದಲು ಬಾರದೆ ಆದದ್ದು ಎಂದು ಬೇಕಾದರೆ ಹೇಳಬಹುದು. ಆದರೆ ಅವಳಿಗೆ ಆ ಕ್ಷಣ ಯಾರ ಸಬೂಬೂ ಬೇಕಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು, ಬಹಳ ಒಳ್ಳೆಯ ಸಿಟ್ಟು, ಇಡಲು ಜಾಗ ಸಿಕ್ಕ ಸಿಟ್ಟು.

"ಇದನ್ನ ಬಾಯಲ್ಲಿ ಏನಂತ ಓದೋದು?"

"ಅಲ್ಲೇ ಇರೋದು ತೊಡಕು. ಇದಕ್ಕೆ ಎರಡು ಹೆಸರು."

"ಒಂದು ಅಕ್ಷರಕ್ಕೆ ಎರಡು ಹೆಸರಾ?"

"ಯಾಕೆ, ನಿನಗಿಲ್ವಾ? ತವರಲ್ಲಿ ಒಂದು ಕರೀತಾರೆ, ಗಂಡನ ಮನೇಲಿ ಇನ್ನೊಂದು. ಇದರ ತವರು ಚೀನಾ. ಅಲ್ಲಿಂದ ತಂದ ಹೆಸರು ಜಪಾನಿನವರ ಬಾಯಲ್ಲಿ ಮೆತ್ತಗಾಗಿ 'ಕ್ಯೂ' ಆಯ್ತು. ಜಪಾನಿನ ಮನೇಲಿ ದಣಿವಾರಿಸಿಕೊಳ್ಳೋದಕ್ಕೆ ಮೊದಲೇ ಒಂದು ಮಾತಿತ್ತು, 'ಯಸುಮು' ಅಂತ. ಸೊಸೆ ಮನೆಗೆ ಬಂದ ಮೇಲೆ ಅದೇ ಹೆಸರಲ್ಲೂ ಕರೆದ್ರು."

"ಯಾವಾಗ ಯಾವುದು?"

"ಒಬ್ಬಳೇ ಇದ್ರೆ ಮನೆ ಹೆಸರು. ಯಸುಮು ಅಂದ್ರೆ ವಿಶ್ರಮಿಸು. ಯಸುಮಿ ಅಂದ್ರೆ ರಜೆ. ಇನ್ನೊಂದು ಅಕ್ಷರದ ಜೊತೆ ಕೈಹಿಡಿದು ಬಂದ್ರೆ ಸಾಮಾನ್ಯವಾಗಿ ತವರಿನ ಹೆಸರು. ಕ್ಯೂಜಿತ್ಸು, ರಜೆಯ ದಿನ. ಕ್ಯೂಕೇ, ಕೆಲಸದ ನಡುವೆ ಕೊಡೋ ಬಿಡುವು."

"ನಮ್ಮಲ್ಲಿ ಕ್ಯೂ ಅಂದ್ರೆ ನಿಂತ್ಕೊಳ್ಳೋದು," ಎಂದಳು ಸಣ್ಣಿ ಮೆಲ್ಲಗೆ. ಮಾವ ಎಣ್ಣೆ ಡಬ್ಬಿ ಬೀಳಿಸುವಷ್ಟು ನಕ್ಕ. ಜೋರಕ್ಕ ನಗಲಿಲ್ಲ.

"ಆ ಬಿಡುವು ಅಲ್ಲಿ ಕೆಲಸದವರಿಗೆ ಕೊಡ್ತಾರಾ?"

"ನಾನಿದ್ದ ಕಡೆ ಗಂಟೆ ಹೊಡೆದು ಕೊಡ್ತಿದ್ರು. ಗಂಟೆ ಹೊಡೆದ್ರೂ ಬಿಡದೆ ದುಡಿಯೋ ಕತ್ತೆಗಳೂ ಇದ್ವು ಅನ್ನು. ಕತ್ತೆಗಳು ಯಾವ ದೇಶದಲ್ಲಿಲ್ಲ?"

ಮಾವ ಆ ವಾರವಿಡೀ ಬಂದ, ಜೋರಕ್ಕ ಆ ವಾರವಿಡೀ ಬರೆದಳು. ಆವಿ ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ, ಒದ್ದೆ ಹಾಸುಬಟ್ಟೆಯ ಮೇಲೆ ಉಗುರಿನಿಂದ, ಬಸ್ಸಿನಲ್ಲಿ ತನ್ನ ತೊಡೆಯ ಮೇಲೆ. ಮೊದಮೊದಲು ಮನುಷ್ಯ ಮರದಿಂದ ಒಂದು ಮಾರು ದೂರ ನಿಲ್ಲುತ್ತಿದ್ದ. "ಇವನು ಒರಗಿಲ್ಲ, ಬಸ್ಸಿಗೆ ಕಾಯ್ತಿದಾನೆ," ಎನ್ನುತ್ತಿದ್ದ ಮಾವ. "ಹತ್ತಿರ ತಾ. ಮರಕ್ಕೆ ಬೆನ್ನು ಕೊಡಿಸು." ಮರ ಒಮ್ಮೆ ಕುಳ್ಳಗಾಯಿತು, ಒಮ್ಮೆ ಮನುಷ್ಯನ ಮೇಲೆ ಬಿತ್ತು. ಅಂತೂ ವಾರದ ಕೊನೆಗೆ ಮನುಷ್ಯ ಹಾಯಾಗಿ ಒರಗಿದ. ಮಾವ ಏನೂ ತಿದ್ದದೆ ಸಲಕರಣೆ ಚೀಲ ಹೆಗಲಿಗೇರಿಸಿದ.

"ಇಷ್ಟು ಹಟ ಹಿಡಿದು ಕಲ್ತಿದೀಯಲ್ಲ, ಏನು ಮಾಡ್ತೀಯ ಇದನ್ನ?"

"ಹಾಕ್ಕೋತೀನಿ," ಎಂದಳು ಜೋರಕ್ಕ.

ಅವಳ ಗಂಡ ದರ್ಜಿ. ಬೀದಿಬದಿಯ ಒಂದು ಮಳಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಕೂತು ಅವನ ಸೊಂಟ ಹಿಡಿದುಹೋಗಿತ್ತು. "ನೀನು ನಿಂತು ಸಾಯ್ತೀಯ, ನಾನು ಕೂತು ಸಾಯ್ತೀನಿ, ದೇವರು ಸರಿಯಾಗೇ ಗಂಟು ಹಾಕಿದಾನೆ" ಎನ್ನುವುದು ಅವನ ಹಳೆಯ ಚಟಾಕಿ. ಅವಳು ನೀಲಿ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟು, ಕೆಂಪು ಬಟ್ಟೆಯ ಮೇಲೆ ಬಿಳಿ ಬಟ್ಟೆಯಲ್ಲಿ ಇದನ್ನು ಕತ್ತರಿಸಿ ಹೊಲಿ, ಕೊರಳಿಗೆ ದಾರ ಇಡು ಎಂದಾಗ ಅವನು ಕನ್ನಡಕ ಮೇಲೆತ್ತಿದ.

"ಇದೇನೇ ಕೋಳಿ ಕೆರೆದ ಹಾಗೆ?"

ಅವಳು ಹೇಳಿದಳು. ಮನುಷ್ಯನನ್ನು ತೋರಿಸಿದಳು, ಮರ ತೋರಿಸಿದಳು, ಎರಡು ಹೆಸರನ್ನೂ ಹೇಳಿದಳು. ಅವನು ಕತ್ತರಿ ಕೆಳಗಿಟ್ಟ.

"ಕೆಲಸದಿಂದ ತೆಗೀತಾರೆ."

"ತೆಗೆದ್ರೆ ಕಾಲಾದ್ರೂ ಉಳಿಯುತ್ತೆ."

"ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಆಗ್ಬೇಕಾ? ಬೇರೆ ಯಾರೂ ಇಲ್ವಾ ಆ ಲಾಂಡ್ರೀಲಿ?"

"ಬೇರೆಯವರ ಕಾಲು ಇನ್ನೂ ಗಟ್ಟಿಯಾಗಿದೆ. ನನ್ನಷ್ಟಾಗೋವರೆಗೆ ಅವರು ಕಾಯ್ತಾ ಕೂತ್ರೆ..." ಎಂದು ಶುರುಮಾಡಿ ಅವಳೇ ನಕ್ಕಳು. "ಕೂರೋದೆಲ್ಲಿ, ಕಾಯ್ತಾ ನಿಂತ್ರೆ."

ಅವನು ಅವಳ ಕಾಲನ್ನು ನೋಡಿದ. ಆಮೇಲೆ ಒಂದು ಕೆಂಪು ತುಂಡು ಹುಡುಕಿ, ಸುತ್ತ ಮಡಿಕೆ ಹಾಕಿ ಹೊಲಿಯತೊಡಗಿದ. ಅಂಚು ಬಿಚ್ಚದಿರಲೆಂದು ಎರಡೆರಡು ಸಲ ಹೊಲಿದ. ಸಂಸಾರದಲ್ಲಿ ಪ್ರೀತಿ ಕೆಲವೊಮ್ಮೆ ಹೀಗೆ, ಒಂದು ಹೊಲಿಗೆ ಹೆಚ್ಚಾಗಿ ಬೀಳುತ್ತದೆ.

ಮಾರನೆಯ ದಿನ ಕೆಲಸದಲ್ಲಿ ಅವಳು ಸಣ್ಣಿಗೊಬ್ಬಳಿಗೇ ಹೇಳಿದಳು. ಸಣ್ಣಿಯ ಗಂಡ ಬಿಟ್ಟುಹೋಗಿದ್ದ, ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಈ ಕೆಲಸ ಬಿಟ್ಟರೆ ಅವಳಿಗೆ ದಿಕ್ಕಿರಲಿಲ್ಲ. ಅವಳು ಅಳುವುದೊಂದು ಬಾಕಿ.

"ಬೇಡ ಅಕ್ಕಾ. ನೀನು ಹೋದ್ರೆ ಬಲಮೂಲೆಗೆ ಯಾರನ್ನ ತರ್ತಾರೋ ಏನೋ. ತಾಳಿದವನು ಬಾಳಿಯಾನು ಅಂತಾರಲ್ಲ."

"ತಾಳಿ ತಾಳಿ ಕಾಲು ಹೋದ ಮೇಲೆ ಬಾಳೋದು ಯಾವ ಕಾಲಲ್ಲೇ? ನಿನ್ನನ್ನ ಕೂರು ಅಂತ ಕರೀತಿಲ್ಲ ನಾನು. ನೀನು ನನ್ನ ಕಡೆ ನೋಡ್ಲೂಬೇಡ."

ಊಟದ ಹೊತ್ತು ಕಳೆಯಿತು. ಯಂತ್ರ ನಿಟ್ಟುಸಿರುಬಿಟ್ಟು ನಿಂತಿತು, ಉರುಳೆಗಳು ಮೇಲೆದ್ದವು. ಗಡಿಯಾರ ಕೆಂಪು ತಗಡನ್ನು ತಂದು ಕೊಕ್ಕೆಗೆ ತೂಗುಹಾಕಿದ. ಜೋರಕ್ಕ ಏಪ್ರನ್ನಿನ ಜೇಬಿನಿಂದ ಕೆಂಪು ಬಟ್ಟೆ ತೆಗೆದು ಕೊರಳಿಗೆ ಹಾಕಿಕೊಂಡಳು. ಬಟ್ಟೆ ತುಂಬುವ ಬೆತ್ತದ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಇನ್ನೊಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕಾಲಿಟ್ಟಳು. ಆ ಸುಖಕ್ಕೆ ಅವಳ ಕಣ್ಣು ತಾನಾಗಿ ಮುಚ್ಚಿತು.

"ಏಯ್! ಏನಿದು?"

ಕಣ್ಣು ಬಿಡುವ ಅಗತ್ಯವೇನೂ ಇರಲಿಲ್ಲ, ಗಡಿಯಾರನ ದನಿ.

"ಬೋರ್ಡ್ ಕಾಣಿಸ್ತಿಲ್ವಾ?" ಎಂದಳು ಜೋರಕ್ಕ ಕೊರಳಿನ ಬಟ್ಟೆ ತೋರಿಸುತ್ತ. "ಬೋರ್ಡ್ ತೂಗ್ತಿರೋವಾಗ ಯಾರೂ ಮುಟ್ಟೋ ಹಾಗಿಲ್ಲ."

"ಅದು ಮಿಷನ್ನಿಗೆ!"

"ಓದೋಕೆ ಬರುತ್ತಾ ನಿಮಗೆ? ಬಾರದಿದ್ರೆ ಹೇಳಿಕೊಡ್ತೀನಿ ಬನ್ನಿ. ಇವನು ಮನುಷ್ಯ. ಇದು ಮರ. ಇದರಲ್ಲಿ ಮಿಷನ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ, ಏಳ್ತೀನಿ."

ಗಡಿಯಾರ ಮಣಿಕಟ್ಟು ನೋಡಿಕೊಂಡ, ಉತ್ತರ ಅಲ್ಲಿರಲಿಲ್ಲ. ಓಡಿಹೋಗಿ ಯಜಮಾನನನ್ನು ಕರೆತಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿರಲಿಲ್ಲವಾದ್ದರಿಂದ ಇಬ್ಬರೂ ಒಟ್ಟಿಗೇ ಬಂದರು. ಹೆಂಗಸರೆಲ್ಲ ಕೈಯಲ್ಲಿದ್ದ ದಿಂಬಿನ ಚೀಲಗಳನ್ನು ಹಾಗೇ ಹಿಡಿದು ನಿಂತರು.

"ಅಮ್ಮಾ, ಇದು ನಾಟಕದ ಕಂಪನಿಯಲ್ಲ," ಎಂದ ಯಜಮಾನ. "ಎದ್ದೇಳು."

"ಅರ್ಧ ಗಂಟೆ ಆದ ಮೇಲೆ ಏಳ್ತೀನಿ, ಯಜಮಾನ್ರೇ. ಅದು ಎದ್ದಾಗ ನಾನೂ ಏಳ್ತೀನಿ, ಒಂದು ಗಳಿಗೆ ಹೆಚ್ಚಿಗೆ ಕೂರಲ್ಲ."

"ಅದಕ್ಕೂ ನಿನಗೂ ಹೋಲಿಕೆ ಏನು? ಅದಕ್ಕೆ ಬಿಡುವು ಕೊಡದಿದ್ರೆ ಸುಟ್ಟುಹೋಗುತ್ತೆ."

"ನಾನೂ ಸುಟ್ಟುಹೋಗ್ತಿದೀನಿ." ಅವಳು ಸೀರೆಯ ಅಂಚನ್ನು ಮೇಲೆತ್ತಿ ಕಾಲು ತೋರಿಸಿದಳು. ನಾಚಿಕೆಪಡಬೇಕಾದವಳು ತಾನಲ್ಲ ಎಂಬುದು ಅವಳಿಗೆ ಅಷ್ಟು ಹೊತ್ತಿಗೆ ಖಾತ್ರಿಯಾಗಿತ್ತು. "ಕೂತು ಉಣ್ಣೋಕೆ ನಾನು ಕೇಳ್ತಿಲ್ಲ. ನಿಂತು ದುಡಿದು, ಕೂತು ಉಸಿರು ಬಿಡ್ತೀನಿ ಅಂತಿದೀನಿ."

ಯಜಮಾನ ಆ ಕಾಲನ್ನು ನೋಡಿ ಮುಖ ತಿರುಗಿಸಿದ. ಮುಖ ತಿರುಗಿಸಿದ್ದಕ್ಕೆ ಅವನಿಗೇ ಅವಮಾನವಾಗಿ, ಅವಮಾನ ಸಿಟ್ಟಾಯಿತು. ಬಗ್ಗಿ, ಅವಳ ಕೊರಳಿನ ಕೆಂಪು ಬಟ್ಟೆಯನ್ನು ಹಿಡಿದೆಳೆದ. ದಾರ ಕಿತ್ತು ಬಂತು.

"ಈಗ?"

"ಬಟ್ಟೆ ತಗೊಂಡ್ರಿ, ತಗೊಳ್ಳಿ," ಎಂದಳು ಜೋರಕ್ಕ. ಅವಳ ದನಿ ಆ ಹೊತ್ತು ಜೋರಾಗಿರಲಿಲ್ಲ. "ಅಕ್ಷರ ನಾನು ಕಲ್ತಾಗಿದೆ." ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು, ಬಿಳಿ ಏಪ್ರನ್ನಿನ ಎದೆಯ ಮೇಲೆ, ತಲೆ ಬಗ್ಗಿಸಿ, ಆರು ಗೆರೆ ಎಳೆದಳು. ತನಗೆ ತಲೆಕೆಳಗಾಗಿ, ನೋಡುವವರಿಗೆ ನೆಟ್ಟಗೆ. ಮನುಷ್ಯ ಮರಕ್ಕೆ ಒರಗಿಯೇ ಒರಗಿದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಯಜಮಾನ ಒದೆಯಲಿಲ್ಲ, ಅವನು ಕೆಟ್ಟವನಲ್ಲವಲ್ಲ. ಅವನು ಯಂತ್ರದ ಕಡೆ ತಿರುಗಿದ.

"ಈ ದರಿದ್ರ ಬೋರ್ಡಿಂದ ತಾನೆ ಇಷ್ಟೆಲ್ಲ? ಯಾರಿಗೂ ಬೇಡ ರೆಸ್ಟು. ಅದಕ್ಕೂ ಬೇಡ, ನಿಮಗೂ ಬೇಡ. ಎಲ್ಲ ನಿಮ್ಮ ನಿಮ್ಮ ಜಾಗಕ್ಕೆ ನಡೀರಿ!"

ಕೆಂಪು ತಗಡನ್ನು ಕೊಕ್ಕೆಯಿಂದ ಕಿತ್ತು ನೆಲಕ್ಕೆಸೆದ. ಅದು ಠಣಠಣ ಉರುಳಿ ದಿಂಬಿನ ಚೀಲಗಳ ಬುಡದಲ್ಲಿ ಬಿತ್ತು. ಯಜಮಾನ ಹಸಿರು ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಉರುಳೆಗಳ ಕಾವು ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು, ಹೊದಿಕೆಯಿಂದ ಕಮರು ವಾಸನೆ ಬರುತ್ತಿತ್ತು. ಗಡಿಯಾರ "ಯಜಮಾನ್ರೇ" ಎಂದು ಬಾಯಿ ತೆರೆದವನು ಮುಚ್ಚಿಕೊಂಡ.

ಹೆಬ್ಬೆರಳು ಗುಂಡಿಯ ಮೇಲೆ ಇತ್ತು. ಒತ್ತಲಿಲ್ಲ.

ಹಾಲಿನಲ್ಲಿದ್ದ ಪ್ರತಿಯೊಬ್ಬ ಹೆಂಗಸೂ ಆ ಹೆಬ್ಬೆರಳನ್ನು ನೋಡಿದಳು. ಅದು ಮೆಲ್ಲಗೆ ಹಿಂದೆ ಬಂತು. ಯಜಮಾನ ಹೋಗಿ, ಬಗ್ಗಿ, ದಿಂಬಿನ ಚೀಲಗಳ ನಡುವೆ ಕೈಯಾಡಿಸಿ ತಗಡನ್ನು ಹುಡುಕಿ, ಅಂಗಿಯ ತೋಳಿನಿಂದ ಧೂಳು ಒರೆಸಿ, ಮತ್ತೆ ಕೊಕ್ಕೆಗೆ ತೂಗುಹಾಕಿದ.

"ಅದಕ್ಕೆ ನೋವಾಗಬಾರದು ಅಂತ ನಿಮಗೆ ಗೊತ್ತಿದೆ," ಎಂದಳು ಜೋರಕ್ಕ. "ಅಷ್ಟೇ ನಮಗೂ ಕೇಳಿದ್ದು."

"ನಾಳೆಯಿಂದ ನೀನು ಬರಬೇಡ."

"ನಾಳೆ ಮಾತು ನಾಳೆ. ಇವತ್ತಿನ ಅರ್ಧ ಗಂಟೆ ಇನ್ನೂ ಮುಗಿದಿಲ್ಲ."

ಮುಗಿದಾಗ ಅವಳು ಎದ್ದಳು. ಬಲಮೂಲೆ ಹಿಡಿದಳು, ಸಂಜೆಯವರೆಗೆ ಒಂದು ಸುಕ್ಕೂ ಬೀಳದಂತೆ ಉಣಿಸಿದಳು. ಸಣ್ಣಿ ಅವಳ ಕಡೆ ನೋಡಲೇ ಇಲ್ಲ, ಹೇಳಿದ ಮಾತನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ಜೋರಕ್ಕನಿಗೆ ಸ್ವಲ್ಪ ನೋವೂ ಆಯಿತು. ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಹೆದರಿಕೆ ಬಂತು. ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಮನೆ ಬಾಡಿಗೆ, ಅಕ್ಕಿಬೇಳೆ, ಗಂಡನ ಸೊಂಟ ಎಲ್ಲ ಒಂದರ ಹಿಂದೊಂದು ಕಣ್ಮುಂದೆ ಬಂದವು. ಆದರೆ ಚಪ್ಪಲಿ ಮಾತ್ರ ಆ ಸಂಜೆ ಪಾದಕ್ಕೆ ಹಿಡಿಸುತ್ತಿತ್ತು.

ಬೆಳಗ್ಗೆ ಅವಳು ಎಂದಿನ ಹೊತ್ತಿಗೇ ಹೊರಟಳು, ಗಂಡನ ಮಳಿಗೆಯಿಂದ ಗಿರಾಕಿಗಳು ಕೂರುವ ಸ್ಟೂಲನ್ನು ತಲೆಯ ಮೇಲೆ ಹೊತ್ತುಕೊಂಡು. ಬೀದಿಯ ಜನ ನೋಡಿದರು, ನೋಡಲಿ ಎಂದುಕೊಂಡಳು. ಲಾಂಡ್ರಿಯ ಬಾಗಿಲಲ್ಲಿ ಗಡಿಯಾರ ಕೈ ಅಡ್ಡ ಹಿಡಿದ.

"ಯಜಮಾನ್ರು ಬರಬೇಡ ಅಂದಿದ್ರಲ್ಲ?"

"ಬರಬೇಡ ಅಂದಿದ್ದು ಅವರು. ಬಂದಿರೋದು ನಾನು. ತೆಗೆಯೋದಾದ್ರೆ ಕಾರಣ ಬರೆದುಕೊಡ್ಲಿ. ಮಿಷನ್ ದಣಿದ್ರೆ ಮಲಗಬಹುದು, ಹೆಂಗಸು ದಣಿದ್ರೆ ಕೂರಬಾರದು ಅಂತ ಬರೆದು ಕೆಳಗೆ ಸಹಿ ಹಾಕ್ಲಿ. ಅದನ್ನ ನಾನು ಇದೇ ಬಾಗಿಲಿಗೆ ಅಂಟಿಸಿ ಹೋಗ್ತೀನಿ, ಬಟ್ಟೆ ತರೋರೆಲ್ಲ ಓದ್ಲಿ."

ಗಡಿಯಾರ ಮೇಲೆ ಯಜಮಾನನ ಕೋಣೆಗೆ ಹೋದ. ಬಹಳ ಹೊತ್ತು ಬರಲಿಲ್ಲ. ಒಳಗೆ ಬಟ್ಟೆಯ ರಾಶಿ ಬೆಳೆಯುತ್ತಿತ್ತು, ಯಂತ್ರ ಕಾದು ಕಾಯುತ್ತಿತ್ತು. ಕೊನೆಗೆ ಇಳಿದುಬಂದವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅದು ಒಪ್ಪಿಗೆಯೋ, ಮಧ್ಯಾಹ್ನದವರೆಗಿನ ಜಾಮೀನೋ ಅವನಿಗೂ ಗೊತ್ತಿರಲಿಲ್ಲ. ಜೋರಕ್ಕ ಸ್ಟೂಲನ್ನು ಗೋಡೆಗೆ ತಾಗಿಸಿಟ್ಟು ಬಲಮೂಲೆ ಹಿಡಿದಳು.

ಊಟದ ಹೊತ್ತು ಕಳೆಯಿತು. ಯಂತ್ರ ನಿಂತಿತು. ತಗಡು ತೂಗಿತು. ಜೋರಕ್ಕ ಏಪ್ರನ್ನಿನ ಮೇಲೆ ಅಕ್ಷರ ಬರೆದುಕೊಂಡು ಸ್ಟೂಲಿನ ಮೇಲೆ ಕೂತಳು, ಬುಟ್ಟಿಯ ಮೇಲೆ ಕಾಲಿಟ್ಟಳು. ಯಜಮಾನ ಹಾಲಿನ ಬಾಗಿಲಲ್ಲಿ ಬಂದು ನಿಂತ. ಅವನು ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಎದೆಯ ಮೇಲೆ ಕೈಕಟ್ಟಿ, ಅವಳನ್ನಲ್ಲ, ಉಳಿದ ಹೆಂಗಸರನ್ನು ಒಬ್ಬೊಬ್ಬರಾಗಿ ನೋಡಿದ. ಒಬ್ಬಳು ಕೂತರೆ ಅದು ಒಬ್ಬಳ ಹುಚ್ಚು, ನಾಳೆ ನಾಡಿದ್ದು ಸದ್ದಿಲ್ಲದೆ ತೆಗೆದುಹಾಕಬಹುದು. ಅವನು ನೋಡಲು ಬಂದದ್ದು ಎರಡನೆಯವಳಿದ್ದಾಳೆಯೇ ಎಂದು. ಹೆಂಗಸರಿಗೂ ಅದು ತಿಳಿಯಿತು. ಎಲ್ಲರ ಕಣ್ಣೂ ದಿಂಬಿನ ಚೀಲಗಳಿಗೆ ಇಳಿದವು.

ಸಣ್ಣಿ ಕೈಯಲ್ಲಿದ್ದ ಚೀಲಗಳನ್ನು ಕೆಳಗಿಟ್ಟಳು. ಅವಳ ಮುಖ ಸುಣ್ಣದಂತಾಗಿತ್ತು. ಬಾಗಿಲಿನ ಕಡೆ ಒಮ್ಮೆ ನೋಡಿ, ಜೋರಕ್ಕನ ಹತ್ತಿರ ಬಂದು, ನೀಲಿ ಸೀಮೆಸುಣ್ಣಕ್ಕೆ ಕೈಯೊಡ್ಡಿದಳು.

"ಅಕ್ಕಾ, ನನಗೂ ಅದನ್ನ ಬರೆಯೋದು ಹೇಳಿಕೊಡು."

ಜೋರಕ್ಕ ಸ್ಟೂಲಿನ ಮೇಲೆ ಪಕ್ಕಕ್ಕೆ ಸರಿದು ಅರ್ಧ ಜಾಗ ಮಾಡಿದಳು.

"ಮೊದಲು ಕೂತ್ಕೊ," ಎಂದಳು ಇಡೀ ಹಾಲಿಗೆ ಕೇಳುವಂತೆ. "ಬರೆಯೋದು ಆಮೇಲೆ."

ಯಜಮಾನ ನೋಡುತ್ತಿದ್ದಂತೆಯೇ ಸಣ್ಣಿ ಕೂತಳು.